ಹೆಚ್ಚಿದ ತಾಳಿ

ಸಂಪಗಾಂವದ ಗುರುಬಸವ್ವ ಸಿಟ್ಟಿನ ಹೆಂಗಸು ಎನ್ನುವುದು ಊರಿಗೆಲ್ಲ ಗೊತ್ತು. ಆ ಸಿಟ್ಟು ಎಲ್ಲಿಂದ ಬಂತು ಎಂದು ಕೇಳಿದವರು ಮಾತ್ರ ಯಾರೂ ಇಲ್ಲ. ಹೆಂಗಸಿನ ಸಿಟ್ಟಿಗೆ ಕಾರಣ ಹುಡುಕುವ ಪದ್ಧತಿ ನಮ್ಮ ಕಡೆ ಇಲ್ಲವಲ್ಲ. ಬಾಯಿ ಜೋರು ಎಂದು ಒಂದು ಮಾತು ಅಂದುಬಿಟ್ಟರೆ ಊರಿನ ಕೆಲಸ ಮುಗಿಯಿತು.

ನಮ್ಮ ಮನೆಗಳಲ್ಲಿ ಯಾವುದೂ ತೀರುವುದಿಲ್ಲ, ಯಾವುದೂ ಒಡೆಯುವುದಿಲ್ಲ. ಡಬ್ಬಿಯಲ್ಲಿ ಅಕ್ಕಿ ತೀರಿದರೆ ‘ಅಕ್ಕಿ ಹೆಚ್ಚ್ಯಾವ’, ಅಂದರೆ ಹೆಚ್ಚಾಗಿವೆ, ಅನ್ನಬೇಕು. ಕೈಯ ಬಳೆ ಒಡೆದರೆ ‘ಬಳಿ ಹೆಚ್ಚ್ಯಾವ’. ದೀಪವನ್ನು ಆರಿಸುವಂತಿಲ್ಲ, ಶಾಂತ ಮಾಡಬೇಕು. ಇನ್ನು ತಾಳಿಯ ಮಾತಂತೂ ಕೇಳಲೇಬೇಡಿ. ಅದು ಹರಿಯಲಿ, ಕಳೆಯಲಿ, ಕಳ್ಳರ ಪಾಲಾಗಲಿ, ‘ತಾಳಿ ಹೋತು’ ಎನ್ನುವ ಮಾತು ಮುತ್ತೈದೆಯ ಬಾಯಿಂದ ಬರಲೇಕೂಡದು. ಬಂದರೆ ಗಂಡನ ಆಯುಷ್ಯಕ್ಕೆ ಕೇಡು. ‘ತಾಳಿ ಹೆಚ್ಚೈತಿ’ ಅನ್ನಬೇಕು. ಕೆಟ್ಟದ್ದನ್ನು ಒಳ್ಳೆಯ ಮಾತಿನಲ್ಲಿ ಹೇಳುವ ಈ ರೀತಿ ಚಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಯಾರು ಕಳೆದರು, ಯಾರು ಕಸಿದರು ಎನ್ನುವುದು ಕೂಡ ಅದೇ ಒಳ್ಳೆಯ ಮಾತಿನ ಅಡಿಯಲ್ಲಿ ಮುಚ್ಚಿಹೋಗುತ್ತದೆ.

ಗುರುಬಸವ್ವನ ತಾಳಿ ಎರಡು ಸಲ ಹೆಚ್ಚಿತು.

ಮೊದಲನೆಯದು ಹೆಚ್ಚಿದ್ದು ಬೈಲಹೊಂಗಲದಲ್ಲಿ. ಅವಳ ಗಂಡ ಮಡಿವಾಳೆಪ್ಪ ಗೆಳೆಯನೊಬ್ಬನ ಜೊತೆ ಪಾಲಿನಲ್ಲಿ ಒಂದು ಹಳೆಯ ಲಾರಿ ತೆಗೆದುಕೊಂಡಿದ್ದ. ಆ ಲಾರಿ ರಸ್ತೆಯ ಮೇಲೆ ಇದ್ದದ್ದಕ್ಕಿಂತ ಗ್ಯಾರೇಜಿನಲ್ಲಿ ಇದ್ದದ್ದೇ ಹೆಚ್ಚು. ಒಂದು ದಿನ ಎಂಜಿನ್ ಕೆಲಸಕ್ಕೆಂದು ಹೆಂಡತಿಯ ಕೊರಳ ತಾಳಿಯನ್ನು ಕೇಳಿದ. ಒಂದು ತಿಂಗಳ ಮಾತು ಎಂದ. ಒತ್ತಿ ಇಟ್ಟ. ತಿಂಗಳು ಕಳೆಯಿತು, ವರ್ಷ ಕಳೆಯಿತು, ಲಾರಿಯೂ ಹೋಯಿತು, ಗೆಳೆಯನೂ ಹೋದ, ತಾಳಿ ತಿರುಗಿ ಬರಲಿಲ್ಲ. ಅತ್ತೆ ಬಾಯವ್ವ ಅರಿಷಿಣದ ಕೊಂಬು ಕಟ್ಟಿದ ಹಳದಿ ದಾರವನ್ನು ಸೊಸೆಯ ಕೊರಳಿಗೆ ಹಾಕಿಸಿ, ನೀರಿಗೆ ಬಂದ ಹೆಂಗಸರ ಮುಂದೆ, “ನಮ್ಮ ಸೊಸಿ ತಾಳಿ ಹೆಚ್ಚೈತಿ ನೋಡ್ರವಾ” ಎಂದಳು. ಹೆಂಗಸರು ಪಾಪ ಎಂದು ತಲೆಯಾಡಿಸಿದರು. ಎಲ್ಲಿ ಹೆಚ್ಚಿತು, ಹೇಗೆ ಹೆಚ್ಚಿತು ಎಂದು ಒಬ್ಬಳೂ ಕೇಳಲಿಲ್ಲ. ಹೆಚ್ಚಿಸಿದ ಮಹಾರಾಯ ಆ ಹೊತ್ತಿಗೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಚಹಾ ಕುಡಿಯುತ್ತಿದ್ದ.

ಗುರುಬಸವ್ವ ಕುವೈತಿಗೆ ಹೋದದ್ದು ಈ ಸಿಟ್ಟಿನಲ್ಲಿಯೇ. ಬೈಲಹೊಂಗಲದಲ್ಲಿ ಹತ್ತಿಯ ಅಡತಿ ವ್ಯಾಪಾರ ನಡೆಸುತ್ತಿದ್ದ ಗುಜರಾತಿ ಶೇಠನೊಬ್ಬನ ಮಗಳನ್ನು ಕುವೈತಿನ ವ್ಯಾಪಾರಸ್ಥರ ಮನೆಗೆ ಕೊಟ್ಟಿದ್ದರು. ಅವಳಿಗೆ ಅಡಿಗೆಯವಳೊಬ್ಬಳು ಬೇಕಾಗಿದ್ದಳು. ಮಾಂಸ ಮೊಟ್ಟೆ ಸೋಕದ ಮನೆಯವಳಾಗಬೇಕು, ಕೈ ಸ್ವಚ್ಛ ಇರಬೇಕು, ಕದಿಯಬಾರದು. ಲಿಂಗವಂತರ ಮನೆಯ ಗುರುಬಸವ್ವನ ಹೆಸರನ್ನು ಯಾರೋ ಹೇಳಿದರು. ಸಂಬಳ ಬರುತ್ತದೆ ಎಂದು ಕೇಳಿದ ಕೂಡಲೇ ಮಡಿವಾಳೆಪ್ಪನಿಗೂ ಬಾಯವ್ವನಿಗೂ ಪರದೇಶ ಹತ್ತಿರವಾಗಿಬಿಟ್ಟಿತು. ಅದು ೧೯೮೪. ಹೊರಡುವಾಗ ಹೊಸ್ತಿಲ ಮೇಲೆ ನಿಂತು ‘ಬರತೇನಿ’ ಅನ್ನುವ ಬದಲು ‘ಹೋಗತೇನಿ’ ಎಂದುಬಿಟ್ಟಳು. ಅತ್ತೆ ಮುಂದೆ ಆರು ತಿಂಗಳು ಆ ಮಾತನ್ನು ಹಿಡಿದು ಜಗ್ಗಾಡಿದಳಂತೆ.

ಅಲ್ಲಿ ಅವಳು ಮುಂಜಾನೆಯಿಂದ ರಾತ್ರಿಯವರೆಗೆ ಒಲೆಯ ಮುಂದೆ ನಿಂತಳು. ಗುಜರಾತಿ ಬೆರೆತ ಹಿಂದಿ ಕಲಿತಳು. ಸಂಬಳದಲ್ಲಿ ಅರ್ಧ ಊರಿಗೆ ಕಳಿಸಿ, ಉಳಿದದ್ದನ್ನು ಮನೆಯೊಡತಿಯ ಕಡೆ ಇಟ್ಟಳು. ಕೂಡಿಟ್ಟ ದುಡ್ಡಿನಲ್ಲಿ ಎಲ್ಲಕ್ಕಿಂತ ಮೊದಲು ಮಾಡಿಸಿದ್ದು ತಾಳಿ. ಕರಿಮಣಿಯ ಎರಡೆಳೆ ಸರ, ನಡುವೆ ಎರಡು ತಾಳಿ. ಕಟ್ಟುವುದಕ್ಕೆ ಗಂಡ ಅಲ್ಲಿರಲಿಲ್ಲ, ಇದ್ದಿದ್ದರೂ ಅವನ ಕೈಗೆ ಕೊಡಲು ಅವಳಿಗೆ ಮನಸ್ಸಿರಲಿಲ್ಲ. ಕನ್ನಡಿಯ ಮುಂದೆ ನಿಂತು, ಕೈ ಹಿಂದೆ ಒಯ್ದು, ತಾನೇ ಕಟ್ಟಿಕೊಂಡಳು. ಆಮೇಲೆ ಬಂಗಾರದ ಗುಂಡು ಪೋಣಿಸಿದ ಒಂದು ಬೋರಮಾಳ ಸರ, ಒಂದು ಜೊತೆ ಪಾಟಲಿ ಬಳೆ. ಆ ಬಂಗಾರ ಮೈಮೇಲೆ ಹೇರಿಕೊಂಡು ಮೆರೆಯಲಿಕ್ಕಲ್ಲ. ಊರಿಗೆ ಹೋಗಿ ಬೈಲಹೊಂಗಲದ ಮಾರುಕಟ್ಟೆಯ ಹತ್ತಿರ ತನ್ನದೇ ಒಂದು ಖಾನಾವಳಿ ಹಾಕಬೇಕು, ಇನ್ನೊಬ್ಬರ ಒಲೆಯ ಮುಂದೆ ನಿಲ್ಲುವುದನ್ನು ಬಿಡಬೇಕು ಎನ್ನುವುದು ಅವಳ ಲೆಕ್ಕ.

೧೯೯೦ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಶೇಠನ ಮಗಳ ಮನೆಯವರು ಕಾರಿನಲ್ಲಿ ಮೊದಲು ಹೊರಟರು. ಕಾರಿನಲ್ಲಿ ಜಾಗ ಇರಲಿಲ್ಲವೆಂದು ಗುರುಬಸವ್ವ ಉಳಿದ ಹಿಂದುಸ್ತಾನಿಗಳ ಜೊತೆ ಬಸ್ಸು ಹತ್ತಿದಳು. ಟ್ರಂಕು, ರೇಡಿಯೋ, ಹಾಸಿಗೆ, ಪಾತ್ರೆ ಎಲ್ಲ ಅಲ್ಲಿಯೇ ಬಿದ್ದವು. ಬಂಗಾರ ಮೈಮೇಲಿತ್ತು, ಸೆರಗು ಹೊದ್ದಿದ್ದಳು. ಮರಳುಗಾಡಿನ ದಾರಿಯಲ್ಲಿ ಬಸ್ಸು ತಡೆದು ಬಂದೂಕಿನವನೊಬ್ಬ ಒಬ್ಬೊಬ್ಬರನ್ನೇ ಇಳಿಸಿದ. ಪಾಟಲಿ, ಬೋರಮಾಳ ಅವಳೇ ತೆಗೆದುಕೊಟ್ಟಳು. ತಾಳಿಗೆ ಎರಡೂ ಕೈ ಅಡ್ಡ ಹಿಡಿದಳು. ಅವನು ಸರಕ್ಕೆ ಕೈ ಹಾಕಿ ಎಳೆದ. ಕತ್ತಿನ ಹಿಂದೆ ಚರ್ಮ ಸೀಳಿತು. ಕೊರಳಲ್ಲಿ ಇನ್ನೂ ಏನೋ ಇದೆ ಎಂದು ಬೆಳ್ಳಿಯ ಕರಡಿಗೆಯನ್ನೂ ಬಿಚ್ಚಿಸಿದ, ತೆರೆದು ನೋಡಿದ. ಒಳಗಿನ ಇಷ್ಟಲಿಂಗವನ್ನು ಅವಳ ಅಂಗೈಯಲ್ಲಿ ಇಟ್ಟು ಬೆಳ್ಳಿಯನ್ನಷ್ಟೇ ಒಯ್ದ. ಅಷ್ಟು ದಯೆ ಆ ಬಂದೂಕಿನವನಿಗೂ ಇತ್ತು.

ಜೋರ್ಡಾನಿನ ಬಯಲಿನಲ್ಲಿ ಬಿಸಿಲಿಗೆ ಬೆಂದು, ವಿಮಾನದಲ್ಲಿ ಮುಂಬೈಗೆ ಬಂದು, ಉಟ್ಟ ಸೀರೆಯಲ್ಲಿಯೇ ಅವಳು ಸಂಪಗಾಂವದ ಮನೆಯ ಬಾಗಿಲಿಗೆ ಬಂದಾಗ ಬಾಯವ್ವ ನೋಡಿದ್ದು ಅವಳ ಮುಖವನ್ನಲ್ಲ, ಕೊರಳನ್ನು.

“ಅಲ್ಲೇ ನಿಂದರ. ತಾಳಿ ಎಲ್ಲೆ ಐತಿ?”

“ಕಸಗೊಂಡ್ರು ಅತ್ತಿ. ತಾಳಿ ಹೋ…”

ಮಾತು ಮುಗಿಯುವ ಮೊದಲೇ ಬಾಯವ್ವನ ಅಂಗೈ ಅವಳ ಬಾಯಿಯ ಮೇಲಿತ್ತು. “ಹೆಚ್ಚೈತಿ ಅನ್ನ. ನನ್ನ ಮಗಾ ಇನ್ನ ಜೀವಂತ ಅದಾನ.”

ಸಾವಿನ ಬಾಯಿಂದ ಬಂದವಳು ಅರಿಷಿಣದ ಕೊಂಬು ಬರುವವರೆಗೆ ಅಂಗಳದಲ್ಲಿ ನಿಂತಳು. “ಹೆಚ್ಚೈತಿ” ಎಂದಳು. ಆಗ ಒಳಗೆ ಬಿಟ್ಟರು. ಊರಿನ ನಾಲಗೆಗೆ ಅಷ್ಟೇ ಸಾಕಾಯಿತು. ‘ಗುರುಬಸವ್ವನ ತಾಳಿ ಕುವೈತದಾಗ ಹೆಚ್ಚೈತಂತ, ನಮ್ಮವು ಇಲ್ಲೇ ಇದ್ದಷ್ಟ ಅದಾವ’ ಎಂದು ಹೆಂಗಸರು ನಕ್ಕರು. ಬಂಗಾರವನ್ನು ತವರಿಗೆ ಸಾಗಿಸಿ ಬಂದಿದ್ದಾಳೆ ಎಂದು ಗಂಡಸರು ಮಾತಾಡಿಕೊಂಡರು. ಅವಳು ಬೈಲಹೊಂಗಲದ ಶಂಕರೆಪ್ಪನ ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ಹೋದಳು. ದಿನಾ ಬಸ್ಸು, ದಿನಾ ಇನ್ನೊಬ್ಬರ ಒಲೆ.

ಕುವೈತಿನಲ್ಲಿ ಆಸ್ತಿ ಕಳೆದುಕೊಂಡವರಿಗೆ ವಿಶ್ವಸಂಸ್ಥೆಯವರು ಪರಿಹಾರ ಕೊಡಿಸುತ್ತಾರೆ, ಸರಕಾರದ ಮೂಲಕ ಅರ್ಜಿ ಹಾಕಬೇಕು ಎಂಬ ಸುದ್ದಿ ಆಮೇಲೆ ಬಂತು. ಅರ್ಜಿ ಬರೆಸಲು ಬೆಳಗಾವಿಗೆ ಹೋಗುವಾಗ ಗಂಡ, ಅತ್ತೆ ಇಬ್ಬರೂ ಬೆನ್ನು ಹತ್ತಿದರು. ಬರೆದುಕೊಡುವವನು ಸುಭಾಸ. ಮುನವಳ್ಳಿ ಮನೆತನದ ಹುಡುಗನೇ, ಆದರೆ ಅಪ್ಪ ಮಿಲಿಟರಿಯಲ್ಲಿ ಇದ್ದುದರಿಂದ ಅಂಬಾಲಾ, ಝಾನ್ಸಿ ಎಂದು ಉತ್ತರದ ದಂಡಿನ ಛಾವಣಿಗಳಲ್ಲಿ ಬೆಳೆದು ಬಂದವನು. ಅವನ ಇಂಗ್ಲಿಷು ಪಕ್ಕಾ, ಕನ್ನಡ ಅರೆಬೆಂದ ಅನ್ನ.

“ಅಕ್ಕಾರ, ಒಂದೊಂದಾಗಿ ಹೇಳಿ. ಟ್ರಂಕು?”

“ಹೋತ್ರಿ.”

“ರೇಡಿಯೋ? ಪಾತ್ರೆ?”

“ಅವೂ ಹೋದುವು.”

“ಬಂಗಾರ?”

ಗುರುಬಸವ್ವ ಅತ್ತೆಯ ಕಡೆ ನೋಡಿದಳು. ಬಾಯವ್ವನ ಕಣ್ಣು ಅವಳ ತುಟಿಯ ಮೇಲೆಯೇ ನೆಟ್ಟಿತ್ತು. ಬೋರಮಾಳ ಹೋಯಿತು, ಪಾಟಲಿ ಹೋದವು ಎಂದು ಬಿಡಿಬಿಡಿಯಾಗಿ ಹೇಳಬಹುದಿತ್ತು. ತಾಳಿಯ ಸಂಗಡ ಮೈಮೇಲಿದ್ದ ಬಂಗಾರ, ಅದಕ್ಕೂ ಅದೇ ಮಾತು ಬಂತು. “ತಾಳಿ, ಬೋರಮಾಳ, ಪಾಟ್ಲಿ, ಎಲ್ಲಾ ಹೆಚ್ಚ್ಯಾವ್ರಿ” ಎಂದಳು.

ಸುಭಾಸ ಕಾಗದದಿಂದ ಪೆನ್ನು ಎತ್ತಿದ. “ಹೆಚ್ಚಾಗಿದೆ?”

“ಹೂಂ, ಹೆಚ್ಚ್ಯಾವ” ಎಂದು ಮಡಿವಾಳೆಪ್ಪನೂ ಬಾಯವ್ವನೂ ಒಟ್ಟಿಗೆ ಹೇಳಿದರು.

ಮೂವರು ಹೇಳಿದ ಮೇಲೆ ಅವನದೇನು ತಪ್ಪು? ಟ್ರಂಕು, ರೇಡಿಯೋ, ಪಾತ್ರೆಗಳ ಮುಂದೆ ‘ನಷ್ಟ’ ಎಂದು ಇಂಗ್ಲಿಷಿನಲ್ಲಿ ಬರೆದ. ಬಂಗಾರದ ಮುಂದೆ ‘ಹೆಚ್ಚಳ’ ಎಂದು ಬರೆದ. ಗುರುಬಸವ್ವ ಕೆಳಗೆ ಸಹಿ ಮಾಡಿದಳು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಉತ್ತರ ಬರಲು ವರ್ಷಗಟ್ಟಲೆ ಹಿಡಿಯಿತು. ೧೯೯೮ರಲ್ಲಿ ವಿಚಾರಣೆಗೆ ಕರೆಯ ಕಾಗದ ಬಂತು. ಟ್ರಂಕು ಪಾತ್ರೆಗಳಿಗೆ ಒಂದಿಷ್ಟು ಮಂಜೂರಾಗಿದೆ. ಬಂಗಾರದ ವಿಷಯದಲ್ಲಿ ಅರ್ಜಿದಾರಳೇ ಅದು ಹೆಚ್ಚಾಗಿದೆ ಎಂದು ಹೇಳಿಕೊಂಡಿರುವುದರಿಂದ ಪರಿಹಾರದ ಪ್ರಶ್ನೆಯೇ ಬರುವುದಿಲ್ಲ. ಹೆಚ್ಚಾದ ಬಂಗಾರ ಈಗ ಎಲ್ಲಿದೆ ಎಂದು ದಿಲ್ಲಿಯಿಂದ ಬರುವ ಅಧಿಕಾರಿಯ ಮುಂದೆ ವಿವರಣೆ ಕೊಡತಕ್ಕದ್ದು. ಸುಭಾಸ ಓದಿ ಹೇಳಿ ತಲೆ ತಗ್ಗಿಸಿದ. ಏಳು ವರ್ಷದಲ್ಲಿ ಅವನ ಕನ್ನಡ ಸ್ವಲ್ಪ ಬೆಂದಿತ್ತು, ತಾನು ಏನು ಮಾಡಿದೆ ಎಂದು ಅವನಿಗೆ ಈಗ ತಿಳಿದಿತ್ತು.

ಗುರುಬಸವ್ವನ ಮೈ ಹೊತ್ತಿ ಉರಿಯಿತು. ಕಸಿದುಕೊಂಡವನು ಎಲ್ಲೋ ಹಾಯಾಗಿದ್ದಾನೆ. ಕಳೆದುಕೊಂಡವಳು ಬಂಗಾರ ಎಲ್ಲಿ ಬಚ್ಚಿಟ್ಟೆ ಎಂದು ಉತ್ತರ ಕೊಡಬೇಕು. ಆದರೆ ಅವಳಿಗೆ ಸುಭಾಸನ ಮೇಲೆ ಸಿಟ್ಟು ಬರಲಿಲ್ಲ. ಅವನು ಬರೆದದ್ದು ತಾನು ಹೇಳಿದ್ದನ್ನೇ. ಹೇಳಿಸಿದವರ ಮೇಲೆ ಬಂತು.

ಆ ವರ್ಷವೇ ಮಡಿವಾಳೆಪ್ಪನಿಗೆ ಒಂದು ಸಲ ಎದೆ ಹಿಡಿದು, ಗುಳಿಗೆ ಶುರುವಾಗಿದ್ದವು. ಕರೆ ಬಂದ ದಿನ ಬಾಯವ್ವ ಮೂಲೆಯಲ್ಲಿ ಕುಳಿತಲ್ಲಿಂದಲೇ ಹೇಳಿದಳು. “ಮಾತ ಆಡಿದ್ರ ಹೋತು, ಮುತ್ತ ಒಡದ್ರ ಹೋತು. ಆ ಸಾಹೇಬನ ಮುಂದ ಹಾಳ ಮಾತ ಆಡಿದಿ ಅಂದ್ರ ನನ್ನ ಮಗಾ ಉಳಿಯಂಗಿಲ್ಲ.”

“ಎಂಟ ವರ್ಷ ಆತು ಅತ್ತಿ, ಕಸಗೊಂಡ ಹೋಗಿ. ಕಸಗೊಂಡಾಗ ಸಾಯದವ್ರು, ಕಸಗೊಂಡ್ರು ಅಂದ್ರ ಸಾಯತಾರೇನು?”

“ನೋಡ, ನೋಡ ಇಕಿ ಬಾಯಿ” ಎಂದಳು ಬಾಯವ್ವ. ಮಡಿವಾಳೆಪ್ಪ ಎದೆಯ ಮೇಲೆ ಕೈ ಇಟ್ಟುಕೊಂಡು ಒಳಗೆ ಹೋಗಿ ಮಲಗಿದ.

ವಿಚಾರಣೆ ಬೆಳಗಾವಿಯ ಒಂದು ಸರಕಾರಿ ಬಂಗಲೆಯ ಹಾಲಿನಲ್ಲಿ ನಡೆಯಿತು. ಕುವೈತಿನಿಂದ ಬಂದ ಇನ್ನೂ ಕೆಲವರು ಬೆಂಚಿನ ಮೇಲೆ ತಮ್ಮ ಪಾಳಿಗಾಗಿ ಕಾಯುತ್ತಿದ್ದರು. ಅಧಿಕಾರಿ ಹಿಂದಿಯಲ್ಲಿ ಕೇಳುವುದು, ಸುಭಾಸ ಕನ್ನಡದಲ್ಲಿ ಹೇಳುವುದು ಎಂದು ಗೊತ್ತಾಗಿತ್ತು. ಅವಳಿಗೆ ಹಿಂದಿ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ತಲೆಯ ಮೇಲೆ ಸೆರಗು ಹೊದ್ದ ರೊಟ್ಟಿಯವಳಿಗೆ ಏನು ಬಂದೀತು?

ಸುಭಾಸ ಮೊದಲು ತನ್ನ ತಪ್ಪನ್ನೇ ಹೇಳಿಕೊಂಡ. ಇವರ ಕಡೆ ತಾಳಿ ಹೋಯಿತು ಅನ್ನುವಂತಿಲ್ಲ ಸರ್, ಹೆಚ್ಚಿತು ಅನ್ನುತ್ತಾರೆ, ನನಗೆ ಆಗ ಗೊತ್ತಿರಲಿಲ್ಲ ಎಂದ. ಅಧಿಕಾರಿ ನಕ್ಕ. ಕೆಟ್ಟವನೇನಲ್ಲ, ಅವನಿಗೆ ಸಂಜೆಯ ರೈಲು ಹಿಡಿಯುವುದಿತ್ತು. ಮೈಮೇಲೆ ಇಷ್ಟು ಬಂಗಾರ ಇತ್ತು ಎಂದು ಶೇಠನ ಮಗಳು ಮುಂಬೈಯಿಂದ ಬರೆದು ಕಳಿಸಿದ್ದಳು, ಅದು ಅವನಿಗೆ ಒಪ್ಪಿಗೆಯಾಗಿತ್ತು. ಆದರೆ ರೀತಿ ರಿವಾಜು ಫೈಲಿಗೆ ಬರುವುದಿಲ್ಲ, ಹಿಂದಿನ ಹೇಳಿಕೆ ಬದಲಾಗಬೇಕಾದರೆ ಅರ್ಜಿದಾರಳು ತನ್ನ ಬಾಯಿಂದ, ಸ್ಪಷ್ಟ ಮಾತಿನಲ್ಲಿ, ಹೋಯಿತು ಎಂದು ನನ್ನ ಮುಂದೆ ಹೇಳಬೇಕು ಎಂದ. ಇವತ್ತು ಹೇಳದಿದ್ದರೆ ಫೈಲು ಮುಚ್ಚುತ್ತದೆ ಎಂದೂ ಹೇಳಿದ.

“ಅಕ್ಕಾರ, ನೀವೇ ಹೇಳಬೇಕಂತೆ” ಎಂದ ಸುಭಾಸ.

ಹೇಳಬೇಕೆಂದೇ ಅವಳು ಬಂದಿದ್ದಳು. ಆದರೆ ಬಾಯಿ ತೆರೆಯುವ ಮೊದಲು ಗಂಡನ ಕಡೆ ನೋಡಿದಳು. ಪಕ್ಕದಲ್ಲಿ ಮಡಿವಾಳೆಪ್ಪ ಎದೆಯ ಮೇಲೆ ಅಂಗೈ ಒತ್ತಿಕೊಂಡಿದ್ದ, ಹಣೆಯ ಮೇಲೆ ಬೆವರು ಮೂಡಿತ್ತು. ಅವಳಿಗೂ ಅಂಜಿಕೆಯಾಯಿತು, ಸುಳ್ಳು ಯಾಕೆ ಹೇಳಬೇಕು. ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ಮಾತು ಒಂದು ದಿನದ ಸಿಟ್ಟಿಗೆ ಬಿಟ್ಟು ಹೋಗುವುದಿಲ್ಲ. ಎಂಥವನಾದರೂ ಗಂಡ, ಕಣ್ಣೆದುರಿಗೆ ಬೆವರುತ್ತಿದ್ದಾನೆ. ಇಲ್ಲೇ ಇವನಿಗೆ ಏನಾದರೂ ಆದರೆ ಊರು ತನ್ನನ್ನು ಗಂಡನನ್ನು ತಿಂದವಳು ಎನ್ನುತ್ತದೆ. ಇರಲಿ ಬಿಡು, ಖಾನಾವಳಿ ಇಲ್ಲದಿದ್ದರೆ ಇಲ್ಲ, ಇಷ್ಟು ವರ್ಷ ಬಡಿದ ರೊಟ್ಟಿಯನ್ನೇ ಇನ್ನಷ್ಟು ವರ್ಷ ಬಡಿದರಾಯಿತು ಎಂದು ಅವಳು ಕೈ ಚೆಲ್ಲುವುದರಲ್ಲಿದ್ದಳು.

ಅಷ್ಟರಲ್ಲಿ ಮಡಿವಾಳೆಪ್ಪ ಮುಂದೆ ಬಂದು ಕೈ ಮುಗಿದ.

“ಸಾಹೇಬ್ರ, ಅಕಿ ಕಡಿಂದ ಹೇಳಸೂದ ಬ್ಯಾಡ್ರಿ. ನಾ ಹೇಳತೇನಿ. ಅದು ನಮ್ಮ ಮನಿತನದ ಬಂಗಾರ್ರಿ. ಲಗ್ನದಾಗ ನಾನ ಹಾಕಿದ್ದು. ಹೋಗೈತಿ ಅಂತ ನನ್ನ ಹೆಸರಲೇ ಬರಕೋರಿ.”

ಸುಭಾಸ ಅವಳ ಮುಖವನ್ನೊಮ್ಮೆ ನೋಡಿ, ಬೇರೆ ದಾರಿ ಇಲ್ಲದೆ ಹಿಂದಿಯಲ್ಲಿ ಹೇಳಿದ. ಅಧಿಕಾರಿಯ ಮುಖ ಅರಳಿತು. ಇದು ಸುಲಭವಾಯಿತಲ್ಲ, ಮನೆಯ ಯಜಮಾನನೇ ಹೇಳುತ್ತಿದ್ದಾನೆ, ಅವನ ಹೆಸರಿನಲ್ಲಿಯೇ ಹಾಕೋಣ ಎಂದು ಪೆನ್ನು ತೆಗೆದ.

“ಠಹರಿಯೆ ಸಾಬ್” ಎಂದಳು ಗುರುಬಸವ್ವ.

ಅಧಿಕಾರಿಯ ಪೆನ್ನು ನಿಂತಿತು. ನಿಮಗೆ ಹಿಂದಿ ಬರುತ್ತದೆಯೇ, ಹಾಗಾದರೆ ಹಿಂದಿಯಲ್ಲಿಯೇ ಹೇಳಿ, ಅದರಲ್ಲಿ ದೋಷವಿಲ್ಲ ಎಂದ. ಅದು ಒಳ್ಳೆಯ ಉಪಾಯವೇ. ಹಿಂದಿಯಲ್ಲಿ ಹೇಳಿದರೆ ಯಾವ ಅಪಶಕುನವೂ ತಟ್ಟುವುದಿಲ್ಲ, ಯಾವ ಗಂಡನೂ ಬೆವರುವುದಿಲ್ಲ. ಆದರೆ ಆಗ ತಾಳಿ ಹಿಂದಿಯಲ್ಲಷ್ಟೇ ಹೋದಂತಾಗುತ್ತಿತ್ತು. ಅವಳು ಅಧಿಕಾರಿಗೆ ಬೆನ್ನು ಕೊಟ್ಟು ಗಂಡನ ಕಡೆ ತಿರುಗಿದಳು.

“ನೀವು ಕಟ್ಟಿದ ತಾಳಿ ಬೈಲಹೊಂಗಲದಾಗ ಹೆಚ್ಚೈತ್ರಿ. ನಿಮ್ಮ ಲಾರಿ ಗಾಲಿ ಕೆಳಗ ಹೆಚ್ಚೈತಿ. ನೀವು ಒತ್ತಿ ಇಟ್ಟ ಬಂದ್ರಿ, ನಾ ಹದಿನೈದ ವರ್ಷ ಹೆಚ್ಚೈತಿ, ಹೆಚ್ಚೈತಿ ಅಂತ ಹೇಳಕೋತ ಬಂದ್ನಿ. ಅದು ಹೆಚ್ಚಲಿ. ಇದು ನಂದು. ನಾ ದುಡದದ್ದು, ನಾ ಮಾಡಿಸಿದ್ದು, ನನ್ನ ಕೈಯಾರ ನಾನ ಕಟಗೊಂಡದ್ದು. ಇದು ಹೆಚ್ಚಿಲ್ಲ. ಇದು ಹೋತು. ನನ್ನ ತಾಳಿ ಹೋತು.”

ಬೆಂಚಿನ ಮೇಲೆ ಕುಳಿತಿದ್ದ ಮುದುಕಿಯೊಬ್ಬಳು ಗಲ್ಲ ಗಲ್ಲ ಬಡಿದುಕೊಂಡಳು. ಗುರುಬಸವ್ವ ತಿರುಗಿ ನಿಂತು, ತಾಳಿ, ಬೋರಮಾಳ, ಪಾಟಲಿ ಎಂದು ಒಂದೊಂದರ ಹೆಸರು ಹೇಳಿ, ಎಲ್ಲಿ ಹೋಯಿತು, ಯಾರು ಒಯ್ದರು ಎನ್ನುವುದನ್ನು ಹಿಂದಿಯಲ್ಲಿ ಅಧಿಕಾರಿಗೆ ಹೇಳಿದಳು. ಅವನು ಬರೆದುಕೊಂಡ. ಅವಳ ಹೆಸರಿನಲ್ಲಿಯೇ ಬರೆದುಕೊಂಡ. ಮುಂದಿನ ವರ್ಷ ಪರಿಹಾರ ಬಂತು, ಬೈಲಹೊಂಗಲದಲ್ಲಿ ಗುರುಬಸವ್ವನ ಖಾನಾವಳಿ ಆಯಿತು. ಆದರೆ ಅವಳ ನೆನಪಿನಲ್ಲಿ ಉಳಿದದ್ದು ಪರಿಹಾರವಲ್ಲ, ವಿಚಾರಣೆಯ ದಿನ ಊರಿಗೆ ತಿರುಗಿ ಬರುವಾಗಿನ ಬಸ್ಸು.

ನೇಸರಗಿ ದಾಟುವವರೆಗೆ ಮಡಿವಾಳೆಪ್ಪ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದ. ಅವಳು ಓರೆಗಣ್ಣಿನಿಂದ ಅವನ ಉಸಿರನ್ನು ನೋಡುತ್ತಿದ್ದಳು. ಸಿಟ್ಟಿನಲ್ಲಿ ಆಡಿಬಿಟ್ಟಿದ್ದಳು, ಆದರೆ ಅವನಿಗೇನಾದರೂ ಆದೀತೆಂಬ ಅಂಜಿಕೆ ಹೋಗಿರಲಿಲ್ಲ. ಗುಳಿಗೆಯ ಪೊಟ್ಟಣ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದಳು.

ಕಡೆಗೆ ಅವನು ಮುಖ ಗಂಟಿಕ್ಕಿಕೊಂಡು ಹೇಳಿದ. “ನಾಕ ಮಂದ್ಯಾಗ ಆ ಮಾತ ಆಡಬಾರದಿತ್ತ ನೀ.”

“ಬಾಯಿಗೆ ಬಂತ್ರಿ. ಏನ ಮಾಡ್ಲಿ.”

“ಲಾರಿ ಮಾತ ಯಾಕ ತಗದಿ ಅಲ್ಲಿ? ಒತ್ತಿ ಇಟ್ಟದ್ದ ಆ ಸಾಹೇಬಗ ಯಾಕ ಬೇಕಾಗಿತ್ತು? ಮುನವಳ್ಳಿ ಹುಡುಗ ಬ್ಯಾರೆ ನಿಂತಿದ್ದ. ನಾಳೆ ಎಲ್ಲಾರ ಮುಂದ ಹೇಳತಾನ.”

ಗುರುಬಸವ್ವ ಅವನನ್ನು ಪೂರ್ತಿ ತಿರುಗಿ ನೋಡಿದಳು. ಅವನ ಕೈ ಎದೆಯ ಮೇಲೆ ಇರಲಿಲ್ಲ.

“ಎದಿ ಹೆಂಗೈತ್ರಿ?” ಎಂದು ಕೇಳಿದಳು.

“ಎದಿಗೇನ ಆಗೈತಿ ಧಾಡಿ, ಆರಾಮ ಐತಿ” ಎಂದು ಅವನು ಸಿಡುಕಿದ. “ನಾ ಲಾರಿ ಮಾತ ಕೇಳಾಕ ಹತ್ತೇನಿ.”

ಇಷ್ಟು ವರ್ಷ ಆ ಮಾತನ್ನು ನುಂಗಿ ನುಂಗಿ ತಾನು ಕಾಯ್ದದ್ದು ಇವನ ಜೀವವನ್ನಲ್ಲ, ಇವನ ಮರ್ಯಾದೆಯನ್ನು ಎಂದು ಅವಳಿಗೆ ಆ ಬಸ್ಸಿನಲ್ಲಿ ತಿಳಿಯಿತು. ಅಂಗಳದಲ್ಲಿ ನಿಂತ ದಿನವೂ ಅಷ್ಟು ಸಿಟ್ಟು ಬಂದಿರಲಿಲ್ಲ. ಬೈಲಹೊಂಗಲದಲ್ಲಿ ಬಸ್ಸು ನಿಂತಾಗ ಅವನು ಸಂಪಗಾಂವದ ಬಸ್ಸು ಹತ್ತಿ ಅವಳಿಗೆ ಜಾಗ ಹಿಡಿದು ಕರೆದ. ಗುರುಬಸವ್ವ ಗುಳಿಗೆಯ ಪೊಟ್ಟಣವನ್ನು ಸೆರಗಿನಿಂದ ಬಿಚ್ಚಿ ಕಿಟಕಿಯಿಂದ ಅವನ ಕೈಗೆ ಕೊಟ್ಟು, ಬಾಡಿಗೆಗೆ ಅಂಗಡಿ ಯಾವುದು ಖಾಲಿ ಇದೆ ಎಂದು ನೋಡಲು ಮಾರುಕಟ್ಟೆಯ ಕಡೆ ನಡೆದಳು.